ಮೇಣ ಬಳಿದ ಸೀಸೆ

ಕಂಪಲಾಪುರದ ಬಸ್ ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದ ನಿಂಗಯ್ಯನಿಗೆ, ಪಕ್ಕದಲ್ಲಿ ಅತ್ತೆಯ ಜೊತೆ ಕೂತಿದ್ದ ಓದಿದ ಹುಡುಗಿಯ ಮಾತು ಕೇಳಿ ನಿದ್ದೆಯೇ ಹಾರಿಹೋಯಿತು.

"ಗೋಡೆಗೆ ಬಡುದ್ರೆ ಎಲ್ಲಾ ಮರ್ತೋಯ್ತದೆ, ಅತ್ತೆ."

"ಯಾರಿಗವ್ವ?"

"ಪರಮಾಣುಗೆ. ನಮ್ಮ ಲ್ಯಾಬಲ್ಲಿ ಗಾಜಿನ ಸೀಸೇಲಿ ಲೋಹದ ಆವಿ ತುಂಬಿರ್ತೀವಿ. ಗಾಜಿಗೆ ಅಂಟ್ಕೊಂಡ್ರೆ, ಯಾವ ಕಡೆ ಮೊಕ ಮಾಡಿದ್ದೆ ಅನ್ನೋದೇ ಅದಕ್ಕೆ ಮರ್ತೋಯ್ತದೆ. ಅದ್ಕೇ ಒಳಗಡೆ ಮೇಣ ಬಳೀತೀವಿ."

"ಹಲಸಿನಣ್ಣು ಬುಡಿಸೋವಾಗ ಕೈಗೆ ಎಣ್ಣೆ ಸವರ್ಕೊಂಡಂಗಾ?"

"ಅಂಗೇ ಕಣತ್ತೆ."

ಪರಮಾಣುವಿಗೆ ಮುಖ ಎಲ್ಲಿಂದ ಬಂತೆಂದು ನಿಂಗಯ್ಯ ತಲೆ ಕೆರೆದುಕೊಂಡ.

"ನಿಮ್ಮಾವಂಗೂ ಒಸಿ ಬಳುದ್ರೆ? ದಿನಾ ಎದ್ದು ನನ್ನೇ 'ಯಾರವ್ವ ನೀನು' ಅಂತಾರೆ."

"ಅದು ಮನ್ಸುರ್ಗಲ್ಲ, ಅತ್ತೆ. ಪರಮಾಣುಗೂ ನೆಪ್ಪಿರೋದು ಒಂದೇ ಸೆಕೆಂಡು."

ಹುಣಸೂರಿನ ಬಸ್ಸು ಬಂತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಒಂದೇ ಸೆಕೆಂಡ್ ಆಗ್ಲಿ ಕಣವ್ವ. ನನ್ನ ಎಸ್ರು ಇಡ್ದು ಕೂಗಕೆ ಅಷ್ಟು ಸಾಕು."