ಏಳು ಜನ ಹೋದರು, ಒಬ್ಬಳು ಮಾತಾಡಿದಳು

ಒಂದು ಕುಕ್ಕರ್ ಕೊಳ್ಳಬೇಕಾದರೆ ನೀವು ಏನು ಮಾಡುತ್ತೀರಿ? ಎರಡು ಸಾವಿರ ರೂಪಾಯಿಯ ಸಾಮಾನು, ನಾಲ್ಕು ಅಂಗಡಿ ಹತ್ತಿ ಇಳಿಯುತ್ತೀರಿ. ಮುಚ್ಚಳ ತಿರುಗಿಸಿ ನೋಡುತ್ತೀರಿ, ಗ್ಯಾರಂಟಿ ಕೇಳುತ್ತೀರಿ. ಮಗಳ ಧಾರೆ ಸೀರೆ ಹನ್ನೆರಡು ಸಾವಿರ, ಅದಕ್ಕೆ ಮೂರು ದಿನ ಓಡಾಟ. ಸರಿ, ಮಾಡಬೇಕಾದದ್ದೇ. ಆದರೆ ಬಾಗಿಲಿಗೆ ಒಂದು ನೋಟಿಸು ಬಂದರೆ? ಅಲ್ಲಿ ಹೋಗುವುದು ಹನ್ನೆರಡು ಸಾವಿರವಲ್ಲ. ಮನೆ ಹೋಗುತ್ತದೆ, ಅಂಗಡಿ ಹೋಗುತ್ತದೆ. ವಕೀಲರು ಮೊದಲ ಭೇಟಿಗೆ ಐನೂರೋ ಸಾವಿರವೋ ತೆಗೆದುಕೊಳ್ಳುತ್ತಾರೆ, ಅರ್ಧ ಗಂಟೆ ಕೊಡುತ್ತಾರೆ. ಆ ಅರ್ಧ ಗಂಟೆಗೆ ನಿಮ್ಮ ತಯಾರಿ ಎಷ್ಟು? ನಗಬೇಡಿ, ಹೇಳಿ. ಕುಕ್ಕರಿಗೆ ಮಾಡಿದಷ್ಟಾದರೂ ಮಾಡುತ್ತೀರಾ?

ಮಂಡಕ್ಕಿ ಭಟ್ಟಿಗಳ ಒಂದು ಊರು. ಅಲ್ಲೊಬ್ಬ ಸಾಹುಕಾರ. ಎರಡು ಕಲ್ಯಾಣ ಮಂಟಪ, ಒಂದು ಪೆಟ್ರೋಲ್ ಬಂಕು, ಸಾಲಾಗಿ ಒಂಬತ್ತು ಭಟ್ಟಿ ಶೆಡ್ಡು. ಒಂದು ಶೆಡ್ಡಿನ ಬಾಡಿಗೆದಾರಳು ಹಾಲಮ್ಮ. ಗಂಡ ಇಪ್ಪತ್ತೆರಡು ವರ್ಷ ಅಲ್ಲಿ ಮಂಡಕ್ಕಿ ಹುರಿದಿದ್ದ. ಅವನು ತೀರಿಕೊಂಡ ಮೇಲೆ ಇವಳೇ ಭಟ್ಟಿ ನಡೆಸಿದಳು. ಕೈಕೆಳಗೆ ಆರು ಹೆಂಗಸರು. ಕಾದ ಮರಳಿನಲ್ಲಿ ಅಕ್ಕಿ ಅರಳಿತೋ ಇಲ್ಲವೋ ಅನ್ನುವುದನ್ನು ಬೆನ್ನು ತಿರುಗಿಸಿ ನಿಂತು ಸಪ್ಪಳದಿಂದಲೇ ಹೇಳುತ್ತಿದ್ದಳು. ಅಂಥ ಹೆಂಗಸು.

ಸಾಹುಕಾರನಿಗೆ ಆ ಜಾಗದಲ್ಲಿ ಲಾಡ್ಜು ಕಟ್ಟುವ ಮನಸ್ಸಾಯಿತು. ನೋಟಿಸು ಬಂತು: ‘ನೀವು ಒಪ್ಪಿಕೊಂಡಂತೆ ಮೂವತ್ತು ದಿನದಲ್ಲಿ ಶೆಡ್ಡು ಖಾಲಿ ಮಾಡತಕ್ಕದ್ದು.’

ಹಾಲಮ್ಮನ ಅಣ್ಣ ಹಾರಾಡಿದ. “ಸಾಹುಕಾರ ಬೆಂಗಳೂರಿಂದ ವಕೀಲರನ್ನ ಕರ್ಸ್ಯಾನೆ. ನಾವೂ ಅಲ್ಲಿಗೇ ಹೋಗಾಣ.”

ಹಾಲಮ್ಮ ಅಂದಳು, “ಅಲ್ಲಣ್ಣ, ಆ ವಕೀಲರು ಮಂಡಕ್ಕಿ ತಿಂದಿರಬೋದು, ಭಟ್ಟಿ ನೋಡ್ಯಾರಾ? ಕೋರ್ಟು ಇಲ್ಲೈತೆ, ಶೆಡ್ಡು ಇಲ್ಲೈತೆ. ವಕೀಲ್ರೂ ಇಲ್ಲೇ ಇರ್ಲಿ.”

ಕೋರ್ಟಿನ ಎದುರು, ಪಾತ್ರೆ ಅಂಗಡಿಯ ಮಾಳಿಗೆಯಲ್ಲಿ ಒಬ್ಬ ವಕೀಲೆಯ ಆಫೀಸು. ಹಾಲಮ್ಮ ಮೊದಲು ಅವರ ಹತ್ತಿರ ಕೇಸು ನಡೆಸಿದ್ದ ಇಬ್ಬರನ್ನು ವಿಚಾರಿಸಿದಳು. ಆಮೇಲೆ ಫೋನು ಮಾಡಿದಳು. ಫೀಸು ಎಷ್ಟು, ಏನೇನು ತರಬೇಕು, ಎರಡನ್ನೂ ಕೇಳಿದಳು. ನೋಟಿಸು, ಬಾಡಿಗೆ ಕರಾರು, ಪಾಲಿಕೆಯ ಲೈಸೆನ್ಸು ಒಂದು ಚೀಲದಲ್ಲಿಟ್ಟಳು. ಯಾವ ತಾರೀಕಿಗೆ ಏನಾಯಿತು ಅನ್ನುವುದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಾಲಾಗಿ ಬರೆದಳು. ನೋಡಿ, ಎಷ್ಟು ಬುದ್ಧಿವಂತೆ. ಆದರೂ ಒಂದು ತಪ್ಪು ಮಾಡಿದಳು, ನಾವು ನೀವು ಎಲ್ಲರೂ ಮಾಡುವ ತಪ್ಪು.

ಜನ ಕಟ್ಟಿಕೊಂಡು ಹೋದಳು. ಅಣ್ಣ, ಅಣ್ಣನ ಷಡ್ಡಕ, ಮೈದುನ, ಪಕ್ಕದ ಭಟ್ಟಿಯವನು, ವಾರ್ಡ್ ಮೆಂಬರ ಕಡೆಯ ಇಬ್ಬರು. ಇವಳೂ ಸೇರಿ ಏಳು ಜನ, ಒಂದು ಗೂಡ್ಸ್ ಆಟೋ. ಹೆಣ್ಣು ನೋಡಲು ಹೋಗುವ ಹಾಗೆ ಹೋದರು. ನಾವು ಹೋಗುವುದೇ ಹಾಗಲ್ಲವೇ? ನೋವು ಒಬ್ಬರದು, ಬಾಯಿ ಏಳು.

ಅಣ್ಣ ಶುರು ಮಾಡಿದ. “ಮೇಡಂ, ನಮ್ಮ ತಂಗಿ ಓದ್ದೆ ಒಂದು ಗೀಟೂ ಹಾಕಲ್ಲ. ಯಾವುದಕ್ಕೂ ಸಹಿ ಮಾಡಿಲ್ಲ. ಒಪ್ಕೊಂಡಾಳೆ ಅಂಬೋದೇ ಶುದ್ಧ ಸುಳ್ಳು. ಹಂಗಂತ ಜೋರಾಗಿ ಉತ್ತರ ಬರೀರಿ.”

ಹಾಲಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದಳು. ವಕೀಲೆ ಅದನ್ನು ನೋಡಿದರು.

“ಕೇಸು ಯಾರದು?”

“ನಮ್ಮ ತಂಗೀದು.”

“ಹಂಗಾದ್ರೆ ತಂಗಿ ಇಲ್ಲೇ ಇರ್ಲಿ. ನೀವೆಲ್ಲ ಕೆಳಗೆ ಹೋಗಿ ಟೀ ಕುಡ್ಕಂಡು ಬರ್ರಿ.”

“ನಾವೇನು ಹೊರಗಿನವ್ರಾ ಮೇಡಂ?”

“ಅಲ್ಲ. ಅದಕ್ಕೇ ಹೋಗ್ರಿ ಅಂದದ್ದು.”

ಆರು ಜನ ಗೊಣಗುತ್ತ ಮೆಟ್ಟಿಲಿಳಿದರು. ವಕೀಲೆ ಬಾಗಿಲು ಹಾಕಿ ಹೇಳಿದರು, “ಈಗ ಹೇಳಮ್ಮ. ಎದುರಾಳಿ ಯಾವ ಮಾತು ಎತ್ತಬಾರದು ಅಂತ ನೀನು ಹೆದರ್ತಿದ್ದೀಯೋ, ಅದನ್ನೇ ಮೊದ್ಲು ಹೇಳು.”

ಹಾಲಮ್ಮ ಸುತ್ತುತ್ತಿದ್ದ ಸೆರಗನ್ನು ಕೈಬಿಟ್ಟಳು. ಆಮೇಲೆ ಹೇಳಿದಳು.

“ಸಹಿ ಮಾಡೀನಿ ಮೇಡಂ. ನಮ್ಮ ಯಜಮಾನ್ರು ಹೋಗಿ ಇನ್ನೂ ತಿಂಗಳಾಗಿರ್ಲಿಲ್ಲ. ಸಾಹುಕಾರ್ರು ಕರೆಸಿ, ಕರೆಂಟ್ ಮೀಟರ್ ನಿನ್ನ ಹೆಸರಿಗೆ ಮಾಡಸ್ತೀನಿ, ಇಲ್ಲಿ ಹಾಕು ಅಂದ್ರು. ಓದ್ಲಿಲ್ಲ. ಮೀಟರ್ ಹೆಸ್ರು ಇವತ್ತಿಗೂ ಬದ್ಲಾಗಿಲ್ಲ. ಎರಡು ವರ್ಷಾತು. ಒಂದು ವರ್ಷದಾಗೆ ಖಾಲಿ ಮಾಡ್ತೀನಿ ಅಂತ ಅದ್ರಾಗೆ ಬರ್ದೈತಂತೆ, ಅವ್ರ ಗುಮಾಸ್ತ ಆಮೇಲೆ ಹೇಳಿದ. ಎದಕ್ಕೂ ಸಹಿ ಮಾಡಬ್ಯಾಡ ಅಂತ ಅಣ್ಣ ಮೊದ್ಲೇ ಹೇಳಿದ್ದ. ಅವನಿಗೆ ಹೆಂಗೆ ಹೇಳ್ಲಿ?”

ವಕೀಲೆ ಬೈಯಲಿಲ್ಲ. ಲೈಸೆನ್ಸನ್ನು ಬೆಳಕಿಗೆ ಹಿಡಿದು ನೋಡಿದರು.

“ಈ ಲೈಸೆನ್ಸು ಮಾಡಿಸಿ ಐದೇ ತಿಂಗಳು. ಭಟ್ಟಿಗೆ ಹೊಗೆಯ ತಕರಾರು ಬರುತ್ತೆ ಅಂತ ನಮ್ಮ ಪಾಲಿಕೆಯವರು ಜಾಗದ ಮಾಲೀಕನ ಒಪ್ಪಿಗೆ ಪತ್ರ ಇಲ್ಲದೆ ಲೈಸೆನ್ಸು ಕೊಡಲ್ಲ. ನಿನಗೆ ಯಾರು ತಂದ್ಕೊಟ್ರು?”

“ಗುಮಾಸ್ತ, ಮೇಡಂ. ಒಂಬತ್ತು ಭಟ್ಟಿದೂ ಒಂದೇ ಸಲ ಬರ್ದು ಸಾಹುಕಾರ್ರ ಮುಂದೆ ಇಡ್ತಾನೆ. ಅವ್ರು ಫೋನಾಗೆ ಮಾತಾಡ್ತಾ ಪಟಪಟ ಸಹಿ ಹಾಕ್ತಾರೆ.”

ಕುಳಿತವರೇ, ಗಮನಿಸಿ. ಬೆಂಗಳೂರಿನ ವಕೀಲರಿಗೆ ಭಟ್ಟಿ ಲೈಸೆನ್ಸಿನ ಈ ಪದ್ಧತಿ ಗೊತ್ತಿರುತ್ತಿತ್ತೇ? ಊರಿನ ವಕೀಲೆಗೆ ಗೊತ್ತಿತ್ತು. ಅವರು ಉತ್ತರ ಬರೆದರು. ಸಹಿ ಮಾಡಿಲ್ಲ ಅಂತ ಬರೆಯಲಿಲ್ಲ. ಸಹಿ ನಮ್ಮದೇ, ಮೀಟರಿಗೆ ಅಂತ ನಂಬಿಸಿ ಹಾಕಿಸಿಕೊಂಡದ್ದು ಅಂತ ಬರೆದರು. ಪಾಲಿಕೆಯಿಂದ ಒಪ್ಪಿಗೆ ಪತ್ರದ ನಕಲು ತೆಗೆಸಿಟ್ಟುಕೊಂಡರು.

ಸಾಹುಕಾರ ಕೇಸು ಹಾಕಿದ. ಒಂದೂವರೆ ವರ್ಷ ನಡೆಯಿತು. ಸಾಹುಕಾರ ಕಟಕಟೆಗೆ ಬಂದ ದಿನ, ಹಾಲಮ್ಮ ಸಹಿ ಮಾಡಿದ ಕಾಗದವನ್ನು ಅವನ ಕಡೆಯವರು ದೊಡ್ಡ ಅಸ್ತ್ರದ ಹಾಗೆ ತೆಗೆದರು. ಯಾರೂ ಬೆಚ್ಚಲಿಲ್ಲ, ಅದನ್ನು ಇವರೇ ಮೊದಲು ಹೇಳಿ ಮುಗಿಸಿದ್ದರು. ಆಮೇಲೆ ವಕೀಲೆ ಎದ್ದು ಒಪ್ಪಿಗೆ ಪತ್ರವನ್ನು ಅವನ ಕೈಗೆ ಕೊಟ್ಟರು.

“ಓದಿ ಹೇಳಿ.”

ಸಾಹುಕಾರ ಓದಿದ. ಹಾಲಮ್ಮನೇ ಈ ಶೆಡ್ಡಿನಲ್ಲಿ ಭಟ್ಟಿ ನಡೆಸಿಕೊಂಡು ಹೋಗಲು ನನ್ನ ತಕರಾರಿಲ್ಲ.

“ಖಾಲಿ ಮಾಡುವ ಆ ಒಂದು ವರ್ಷದ ಗಡುವು ಮುಗಿದ ಮೇಲೆ ಕೊಟ್ಟದ್ದು ಅಲ್ಲವೇ? ಸಹಿ ಯಾರದು?”

“ನಂದೇ. ಆದ್ರೆ ನಾನು ಅದನ್ನ ಓದಿರ್ಲಿಲ್ಲ.”

ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಅವನ ವಕೀಲರೂ ತಿರುಗಿ ನೋಡಿದರು, ಯಾಕೆಂದರೆ ಅಂಥದೊಂದು ಪತ್ರ ಇದೆ ಅಂತ ಅವರಿಗೆ ಅವನು ಹೇಳಿರಲೇ ಇಲ್ಲ. ಕೇಸು ವಜಾ ಆಯಿತು. ಅವತ್ತು ಸಂಜೆ ಒಂಬತ್ತು ಭಟ್ಟಿಯವರೂ ಹಾಲಮ್ಮನ ಶೆಡ್ಡಿನ ಮುಂದೆ ನಿಂತು ಖಾರ ಮಂಡಕ್ಕಿ ತಿಂದರು. ಎಲ್ಲರಿಗಿಂತ ಜಾಸ್ತಿ ತಿಂದವನು ಅಣ್ಣ. “ನಾನು ಮೊದ್ಲೇ ಹೇಳಿದ್ನಲ್ಲ, ಊರ ವಕೀಲ್ರೇ ಸರಿ ಅಂತ,” ಅಂದ. ಹಾಲಮ್ಮ ಅವನಿಗೆ ಇನ್ನೊಂದು ಮೆಣಸಿನಕಾಯಿ ಬಜ್ಜಿ ಹಾಕಿದಳು.

ಈಗ ನಿಮ್ಮ ಮಾತಿಗೆ ಬರೋಣ. ದೇವರ ಮುಂದೆ ಕಣ್ಣು ಮುಚ್ಚಿ ಎಲ್ಲ ತಪ್ಪನ್ನೂ ಹೇಳುತ್ತೀರಿ. ಅವನಿಗೆ ಅದು ಮೊದಲೇ ಗೊತ್ತು. ವಕೀಲರಿಗೆ ಗೊತ್ತಿಲ್ಲ, ಅವರ ಹತ್ತಿರ ಮುಚ್ಚಿಡುತ್ತೀರಿ. ಇದೆಂಥ ಲೆಕ್ಕ? ಡಾಕ್ಟರ ಹತ್ತಿರ ಹೋಗಿ ನೋವಿಲ್ಲದ ಕಾಲನ್ನು ತೋರಿಸುತ್ತೀರಾ?

ನಾಳೆ ಮನೆಗೊಂದು ನೋಟಿಸು ಬಂದರೆ, ಅದನ್ನು ಮೂರು ದಿನ ದೇವರ ಜಗಲಿಯ ಮೇಲಿಟ್ಟು ಕೂರಬೇಡಿ. ನಿಮ್ಮ ಊರಿನ ಕೋರ್ಟು, ನಿಮ್ಮ ಊರಿನ ಕೆಲಸ ಗೊತ್ತಿರುವ ವಕೀಲರನ್ನು ನಾಲ್ಕು ಜನರ ಹತ್ತಿರ ವಿಚಾರಿಸಿ ಹುಡುಕಿ. ಫೀಸು ಕೇಳಲು ಸಂಕೋಚ ಬೇಡ, ಕೇಳಿದರೆ ಯಾರೂ ಬೈಯುವುದಿಲ್ಲ. ಕಾಗದ ಜೋಡಿಸಿ, ತಾರೀಕು ಬರೆದುಕೊಂಡು ಹೋಗಿ. ಜೊತೆಗೆ ಬಂದವರು ಹೊರಗೆ ಕೂರಲಿ. ಒಳಗೆ ಕೂತ ಮೇಲೆ ನಿಮ್ಮ ತಪ್ಪಿನಿಂದ ಶುರು ಮಾಡಿ, ಅವರ ತಪ್ಪಿಗೆ ಆಮೇಲೆ ಬನ್ನಿ. ಗಂಡಸರೇ, ಮನೆಯ ಹೆಂಗಸಿಗೆ ನಿಮ್ಮೆದುರು ತಪ್ಪು ಒಪ್ಪಿಕೊಳ್ಳಲು ಹೆದರಿಕೆಯಾಗುತ್ತಿದ್ದರೆ, ಅದನ್ನು ಇವತ್ತೇ ಸರಿಮಾಡಿಕೊಳ್ಳಿ. ನೋಟಿಸು ಬರುವವರೆಗೆ ಕಾಯಬೇಡಿ.

ಹಾಲಮ್ಮ ಆ ಅರ್ಧ ಗಂಟೆಯಲ್ಲಿ ಸ್ವಲ್ಪ ಮಾನ ಬಿಟ್ಟುಕೊಟ್ಟಳು, ಅದೂ ಒಬ್ಬರ ಮುಂದೆ. ಅವಳಿಗೆ ಶೆಡ್ಡು ಉಳಿಯಿತು, ಭಟ್ಟಿ ಉಳಿಯಿತು, ಆರು ಹೆಂಗಸರ ಕೆಲಸ ಉಳಿಯಿತು.