ಕೆಂಪು ಬಾವುಟದವರೆಗೆ

…ಇಲ್ಲಕ್ಕ, ಎಂಜಿನ್ನಿಂದು ಏನೂ ತಪ್ಪಿಲ್ಲ. ಮೂತಿಯ ಫ್ಯಾನು ನಾನೇ ಕೈಯಾರೆ ತಿರುಗಿಸಿದ್ದು. ನಮ್ಮಪ್ಪನಿಗಿಂತ ಹಳೇ ವಿಮಾನ, ಆದ್ರೂ ಒಂದೇ ತಿರುವಿಗೆ ಸ್ಟಾರ್ಟ್ ಆಯ್ತು. ಕೂತ್ಕೋ, ಈ ಬೆಂಚು ಗಟ್ಟಿಯಿದೆ. ಸಂಜೆಗೆ ಭಾವನಿಗೆ ಎಚ್ಚರ ಆಗುತ್ತಂತೆ, ನರ್ಸ್ ಹೇಳಿದ್ರು… ಯಾಕೆ ಹಾಗೆ ನೋಡ್ತೀಯ? ಕಣ್ಣು ಕೆಂಪಗಿದೆ ಅಂತಲಾ? ನಿನ್ನೆಯಿಂದ ಹೀಗೇ. ಭಯ ಅಕ್ಕ, ಸುಳ್ಳು ಯಾಕೆ ಹೇಳಲಿ.

ಮತ್ತೆ ಹೇಳ್ಬೇಕಾ? ಹೇಳ್ತೀನಿ. ಮೈದಾನ ಗಿಡ್ಡ, ಹುಲ್ಲು ಒದ್ದೆ. ಒದ್ದೆ ಹುಲ್ಲು ಚಕ್ರ ಹಿಡ್ಕೊಳ್ಳುತ್ತೆ, ವೇಗ ಬರಲ್ಲ. ಅದಕ್ಕೇ ತಾನೇ ಭಾವ ಆ ಕೆಂಪು ಬಾವುಟ ನೆಟ್ಟಿದ್ದು? ಶೆಡ್ಡಿನಿಂದ ಇನ್ನೂರು ಹೆಜ್ಜೆ, ನೀವಿಬ್ಬರೇ ಅಳೆದದ್ದು. ಅಲ್ಲಿಗೆ ಬರೋಷ್ಟರಲ್ಲಿ ಚಕ್ರ ನೆಲ ಬಿಡದಿದ್ರೆ ಎಂಜಿನ್ ಆರಿಸಿ ಬ್ರೇಕ್ ಹಾಕೋದು. ಎಷ್ಟು ಸಲ ಹಾಗೆ ನಿಲ್ಲಿಸಿ ಗೊಣಗ್ತಾ ವಾಪಸ್ ಬಂದಿಲ್ಲ! ನಿನ್ನೆ… ನಿನ್ನೆ ತಡ ಮಾಡಿದ್ರು. ವಯಸ್ಸಾಯ್ತಲ್ಲ. ಬಾವುಟ ದಾಟಿದ ಮೇಲೆ ಆರಿಸಿದ್ರು. ಜಾರ್ತಾ ಹೋಗಿ ಬೇಲಿ, ಬೇಲಿ ಆಚೆ ಹಳ್ಳ…

ತನಿಖೆಯವರಿಗೂ ಅದನ್ನೇ ಹೇಳಿದೆ. ಈಗ ಸಹಿ ಹಾಕಿಸ್ಕೊಳ್ಳೋಕೆ ಬರ್ತಾರೆ. ಭಾವನ ಲೈಸೆನ್ಸ್ ಹೋಗಬಹುದು. ಹೋಗ್ಲಿ ಬಿಡು, ಜೀವ ಉಳೀತಲ್ಲ… ಗೊತ್ತು, ಗೊತ್ತು. ಹಾರೋದು ಬಿಟ್ರೆ ಆ ಮನುಷ್ಯನಿಗೆ ಬೇರೇನೂ ಬೇಡ.

ಏನಾದ್ರೂ ಮಾತಾಡೇ. ಚಿಕ್ಕಂದಿನಲ್ಲೂ ಹೀಗೇ ನೀನು. ನಾನು ಗಾಜಿನ ಲೋಟ ಒಡೆದ್ರೆ ಬೈತಿರಲಿಲ್ಲ. ಎದುರಿಗೆ ಸುಮ್ನೆ ಕೂತಿರ್ತಿದ್ದೆ, ನಾನೇ ಬಾಯಿ ಬಿಡೋವರೆಗೂ.

ನಿನ್ನ ಚಪ್ಪಲಿಗೇನದು? ಹುಲ್ಲು… ಹಸಿ ಹುಲ್ಲು. ಮನೆಯಿಂದ ನೇರ ಇಲ್ಲಿಗೆ ಬಂದೆ ಅಂದ್ಕೊಂಡಿದ್ದೆ. ಮೈದಾನಕ್ಕೆ ಹೋಗಿದ್ದೆಯಾ? ಒಬ್ಬಳೇ? ಶೆಡ್ಡಿನಿಂದ… ಎಣಿಸ್ತಾ ನಡೆದೆಯಾ?

ಅಕ್ಕ.

ಮೊನ್ನೆ ಹುಲ್ಲು ಕತ್ತರಿಸುವಾಗ ಬಾವುಟ ಮೆಷಿನ್ನಿಗೆ ಅಡ್ಡ ಬಂತು. ಕಿತ್ತು ಆಚೆ, ಬೇಲಿ ಕಡೆಗೆ ನೆಟ್ಟೆ. ಐದೇ ನಿಮಿಷಕ್ಕೆ ಅಂತ. ಅಷ್ಟರಲ್ಲಿ ಮೆಷಿನ್ ಕೆಟ್ಟಿತು, ಬಿಚ್ಚಿ ರಿಪೇರಿಗೆ ಕೂತೆ, ಮರೆತೇಬಿಟ್ಟೆ. ನೋಡಿದ್ರೆ ಭಾವನಿಗೆ ತಿಳೀಬೇಕಿತ್ತು ಅಂತೀಯಾ? ಹುಲ್ಲೆಲ್ಲ ಒಂದೇ ಥರ, ಅಕ್ಕ. ಬಾವುಟ ನಾನು ನೋಡ್ಕೊಳ್ತೀನಿ ಅಂತ ಅವರು ಕಣ್ಮುಚ್ಚಿ ನಂಬಿದ್ರು. ತಡ ಮಾಡಲಿಲ್ಲ ಅವರು. ಬಾವುಟದ ಹತ್ರಾನೇ ಆರಿಸಿದ್ರು. ಒಂದು ಹೆಜ್ಜೆ ಆಚೆ ಈಚೆ ಇಲ್ಲ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಅವರೇ. ನನ್ನ ಕೈ ಸ್ವಲ್ಪ ಹಿಡ್ಕೋತೀಯಾ?… ಬೇಡ, ಸರಿ. ನಾನೇ ಏಳ್ತೀನಿ, ನಾನೇ ಹೇಳ್ತೀನಿ. ಎಷ್ಟು ಹೆಜ್ಜೆ ಬಂತು ಅಂತಾದ್ರೂ ಹೇಳು, ಕೇಳ್ತಾರೆ…

ಹೋಗ್ಲಿ, ಹೇಳಬೇಡ. ಇನ್ನೂರ ಎಪ್ಪತ್ತು. ನಿನ್ನೆ ಆಂಬುಲೆನ್ಸ್ ಹೋದ ಮೇಲೆ ನಾನೂ ಎಣಿಸಿದ್ದೆ.