ಗಂಟೆ ಪಾಳಿಯ ಸಾಹುಕಾರ

ಉಸಿರನ್ನು ಗಮನಿಸಿ ಎಂದರೆ ಎಲ್ಲರೂ ಗಮನಿಸಿದಿರಿ, ಸಂತೋಷ. ಹಿಂದಿನ ಸಾಲಿನ ಒಬ್ಬರ ಉಸಿರು ಇಲ್ಲಿ ಕೂತ ನನಗೂ ಕೇಳಿಸಿತು. ಅದನ್ನು ಗೊರಕೆ ಅಂತಾರೆ. ಇರಲಿ, ನಾಚಿಕೊಳ್ಳಬೇಡಿ. ಕಾಲು ಸಡಿಲ ಮಾಡಿಕೊಂಡು ಒಂದು ಕಥೆ ಕೇಳಿ.

ಬೆಲ್ಲದ ಮಂಡಿ ಇಟ್ಟಿದ್ದ ಒಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಂಡರೂ ನನ್ನ ತಕರಾರಿಲ್ಲ. ಮನೆ ತುಂಬ ಐಶ್ವರ್ಯ, ಮೈ ತುಂಬ ಸಿಟ್ಟು. ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಅವನ ಗಂಟಲು ಎಂಥದಾಗಿತ್ತು ಅಂದರೆ, ಹೆಂಡತಿಯ ಹತ್ತಿರ ನೀರು ಕೇಳಿದರೆ ಪಕ್ಕದ ಮನೆಯವರು ಚೊಂಬು ಹಿಡಿದು ಓಡಿ ಬರಬೇಕು! ಡಾಕ್ಟರು ಬಿ.ಪಿ. ನೋಡಿ ಗಾಬರಿಯಾದರು. "ಬರೀ ಮಾತ್ರೆಯಿಂದ ಆಗಲ್ಲ ಸ್ವಾಮಿ, ಎಲ್ಲಾದರೂ ಹೋಗಿ ಸುಮ್ಮನೆ ಕೂತ್ಕೊಳ್ಳಿ" ಎಂದರು.

ಅದೇ ಊರಿನ ಕೆಳಗಿನ ಬೀದಿಯಲ್ಲಿ ಒಂದು ಪುಟ್ಟ ಬುದ್ಧ ವಿಹಾರವಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ನಮ್ಮ ಹಾಗೇ ಒಂದು ಗುಂಪು ಸೇರುತ್ತಿತ್ತು. ಒಬ್ಬ ಟೈಲರು, ಒಬ್ಬ ಬಸ್ ಕಂಡಕ್ಟರು, ಕೂಸನ್ನು ಕಂಕುಳಲ್ಲಿ ಹೊತ್ತು ಬರುವ ಒಬ್ಬ ತಾಯಿ, ಇಂಥವರು. ಗುಂಪು ನಡೆಸುತ್ತಿದ್ದವರು ಅಂಗನವಾಡಿಯಿಂದ ನಿವೃತ್ತರಾದ ಒಬ್ಬ ಅಜ್ಜಿ. ಗೋಡೆಯಾಚೆಗೆ ಹಿಟ್ಟಿನ ಗಿರಣಿ. ಮೊದಲ ದಿನವೇ ಸಾಹುಕಾರ ಮುಖ ಗಂಟಿಕ್ಕಿಕೊಂಡು, "ಏನಮ್ಮಾ ಇದು, ಈ ಗಲಾಟೆಯಲ್ಲಿ ಧ್ಯಾನ ಮಾಡೋದಾ?" ಎಂದ.

"ಗಿರಣಿ ಅದ್ರ ಕೆಲ್ಸ ಮಾಡ್ಲಿ ಸಾವ್ಕಾರ್ರೇ, ನೀವು ನಿಮ್ ಕೆಲ್ಸ ಮಾಡಿ" ಎಂದು ಅಜ್ಜಿ ಚಾಪೆ ಹಾಸಿಕೊಟ್ಟರು.

ಕೂತ. ಮೊದಲು ಸೊಂಟ ನೋವು, ಆಮೇಲೆ ಸೊಳ್ಳೆ, ಆಮೇಲೆ ಬೆಲ್ಲದ ಮಂಡಿಯ ಯೋಚನೆ. ಆದರೂ ಬಿಡಲಿಲ್ಲ. ವಾರ ವಾರ ಬಂದ. ಮನಸ್ಸು ತಿಳಿಯಾಗತೊಡಗಿತು, ಬಿ.ಪಿ. ಇಳಿಯಿತು, ಮಂಡಿಯ ಹಮಾಲರಿಗೂ ನೆಮ್ಮದಿಯಾಯಿತು. ಸಾಹುಕಾರನಿಗೆ ಖುಷಿಯೋ ಖುಷಿ. ಇಷ್ಟು ಸುಖ ವಾರಕ್ಕೊಮ್ಮೆ ಯಾಕೆ, ದಿನಾ ಬೆಳಿಗ್ಗೆ ಮನೆಯಲ್ಲೂ ಕೂರೋಣ ಅಂದುಕೊಂಡ.

ನೋಡಿ, ಎಡವಿದ್ದು ಇಲ್ಲೇ. ಅವನು ಕೂತರೆ ಮನೆಯೆಲ್ಲ ಕೂರಬೇಕು! ಕುಕ್ಕರ್ ಸೀಟಿ ಹೊಡೆಯಬಾರದು. ಹೆಂಡತಿ ಪಾತ್ರೆಯಲ್ಲಿ ಅನ್ನ ಬಸಿಯತೊಡಗಿದಳು. ಸೊಸೆಯ ಬಳೆ ಸದ್ದಾಗಬಾರದು; ಅವಳು ಬಳೆ ತೆಗೆದಿಟ್ಟು ಪಾತ್ರೆ ತೊಳೆದಳು. ಸೊಪ್ಪಿನವಳು ಆ ಬೀದಿಗೆ ಬಂದರೆ ಬಾಯಿ ಮುಚ್ಚಿಕೊಂಡು ದಾಟಬೇಕು. ಸ್ವಲ್ಪ ಸದ್ದಾದರೂ ಸಾಕು, ಒಳಗಿನಿಂದ "ಯಾರದು? ನಾನು ಶಾಂತವಾಗಿ ಕೂತಿರೋದು ಕಾಣಲ್ವಾ?" ಎಂಬ ಗುಡುಗು. ಇಂಥ ಶಾಂತಿ!

ಆ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳೊಬ್ಬಳಿದ್ದಳು. ಮಹಾ ವಾಚಾಳಿ ಮಗು, ನಕ್ಕರೆ ಮನೆಯೆಲ್ಲ ತುಂಬಿಕೊಳ್ಳುತ್ತಿತ್ತು. ಒಂದೆರಡು ಸಲ ತಾತ ಗದರಿಸಿದ ಮೇಲೆ ಅದು ಪಿಸುಗುಟ್ಟಲು ಕಲಿಯಿತು. ಸ್ವಲ್ಪ ದಿನದಲ್ಲಿ ಅದನ್ನೂ ಬಿಟ್ಟಿತು. ಸೊಸೆ ಹೆದರಿ ಹೆದರಿ ಹೇಳಿದಳು: "ಮಾವಾ, ಸ್ಕೂಲಲ್ಲಿ ಮಗು ಬಾಯೇ ಬಿಡ್ತಿಲ್ವಂತೆ. ಡಾಕ್ಟರಿಗೆ ತೋರ್ಸಿ ಅಂತ ಮಿಸ್ಸು ಹೇಳಿ ಕಳ್ಸಿದ್ರು."

ಸಾಹುಕಾರ ಏನಂದ ಗೊತ್ತೇ? "ಡಾಕ್ಟರು ಯಾಕಮ್ಮಾ? ಶಾಂತ ಸ್ವಭಾವ, ನನ್ನ ಥರ!" ನಗಬೇಡಿ. ಅವನು ನಿಜವಾಗಿಯೂ ಹಾಗೇ ನಂಬಿದ್ದ.

ಈಗ ಆ ಗುಂಪಿನ ಒಂದು ಪದ್ಧತಿ ಹೇಳಬೇಕು. ಅಲ್ಲಿ ಪ್ರತಿ ವಾರ ಒಬ್ಬರಿಗೆ ಗಂಟೆ ಪಾಳಿ. ಪಾಳಿಯವರು ಕಣ್ಣು ಮುಚ್ಚುವ ಹಾಗಿಲ್ಲ. ಉಳಿದವರು ಧ್ಯಾನದಲ್ಲಿದ್ದರೆ ಇವರು ಕಣ್ಣು ತೆರೆದು ಎಲ್ಲರನ್ನೂ ನೋಡಿಕೊಳ್ಳಬೇಕು. ಸೆಖೆಯಾದವರಿಗೆ ಕಿಟಕಿ ತೆಗೆಯಬೇಕು, ಕೂಸು ಅತ್ತರೆ ಎತ್ತಿಕೊಳ್ಳಬೇಕು, ಹೊತ್ತಾದಾಗ ಗಂಟೆ ಬಾರಿಸಬೇಕು. ಸಾಹುಕಾರನ ಪಾಳಿ ಬಂದಾಗ ಅವನಿಗೆ ಒಳಗೊಳಗೇ ಉರಿಯಿತು. ಒಂದು ವಾರದ ಧ್ಯಾನ ಹಾಳಾಯಿತಲ್ಲ ಎಂದು!

ಅವತ್ತೇ ಹೆಂಡತಿ, ಸೊಸೆ ನೆಂಟರ ಮನೆಯ ನಾಮಕರಣಕ್ಕೆ ಹೊರಟರು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತದೆ ಅಂತ ಮಗುವನ್ನು ತಾತನ ಹತ್ತಿರ ಬಿಟ್ಟರು. ಅವನು ಅದನ್ನು ವಿಹಾರಕ್ಕೆ ಕರೆತಂದು ಮೂಲೆಯಲ್ಲಿ ಕೂರಿಸಿದ. ಮಗು ತುಟಿಯ ಮೇಲೆ ತಾನೇ ಬೆರಳಿಟ್ಟುಕೊಂಡು ಕೂತಿತು. ಎಲ್ಲರೂ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆ, ತಾಯಿಯ ಮುಂದೆ ಬಟ್ಟೆಯ ಮೇಲೆ ಮಲಗಿದ್ದ ಆ ಕೂಸು ಎಚ್ಚರವಾಯಿತು. ತನ್ನ ಕಾಲ್ಬೆರಳನ್ನು ತಾನೇ ಹಿಡಿದು ಕಿಲಕಿಲ ನಕ್ಕಿತು. ಕಣ್ಣು ಮುಚ್ಚಿದ್ದವರ ಮುಖದಲ್ಲೂ ನಗು ಮೂಡಿತು. ಆದರೆ ಮೂಲೆಯಲ್ಲಿದ್ದ ಮೊಮ್ಮಗಳು ಬೆಚ್ಚಿಬಿದ್ದು ಎದ್ದಳು, ಓಡಿ ಬಂದು ಕೂಸಿನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು. "ಶ್! ನಗಬಾರ್ದು ಪಾಪು. ನಮ್ ತಾತ ಇದಾರೆ. ನಕ್ರೆ ಬೈತಾರೆ."

ಒತ್ತಿದ ಕೈ ತೆಗೆಯದೆ ತಾತನ ಕಡೆ ತಿರುಗಿ ನೋಡಿದಳು.

ಸಾಹುಕಾರನಿಗೆ ಆಗ ಹೊಳೆಯಿತು. ಅಯ್ಯೋ, ಶಾಂತ ಸ್ವಭಾವ ಅಂದುಕೊಂಡಿದ್ದೆನಲ್ಲ, ಇದು ಭಯ! ನನ್ನ ಕಂಡರೆ ಭಯ! ಕೂಸು ಅಳತೊಡಗಿತು. ಪಾಳಿಯವನು ಇವನೇ, ಏಳಲೇಬೇಕು. ಎದ್ದು ಬಂದ. ತಾತ ಬಂದದ್ದು ಕಂಡು ಮೊಮ್ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಅವನು ಕೂಸನ್ನೆತ್ತಿ ತಾಯಿಯ ಮಡಿಲಿಗೆ ಹಾಕಿ, ಮೊಮ್ಮಗಳ ಮುಂದೆ ಕೂತು, ಮೆಲ್ಲಗೆ ಅವಳ ಕೈಗಳನ್ನು ಕಿವಿಯಿಂದ ಬಿಡಿಸಿದ.

"ನಗು ಪುಟ್ಟೀ."

"ಜೋರಾಗಾ?" ಮಗು ಪಿಸುಗುಟ್ಟಿತು.

"ಎಷ್ಟು ಬೇಕೋ ಅಷ್ಟು ಜೋರಾಗಿ."

"ಆಮೇಲೆ ಬೈತೀಯ."

ಮಾತಿನಿಂದ ಕೆಡಿಸಿದ್ದನ್ನು ಮಾತಿನಿಂದಲೇ ಸರಿಮಾಡಲು ಆಗಲಿಲ್ಲ. ಊರಿಗೆ ದೊಡ್ಡ ಸಾಹುಕಾರ ಪಂಚೆ ಎತ್ತಿ ಕಟ್ಟಿದ, ನೆಲಕ್ಕೆ ಬಗ್ಗಿ ಎರಡೂ ಅಂಗೈ ಊರಿದ, "ಹತ್ತಮ್ಮಾ, ಆನೆ ಬಂದಿದೆ" ಎಂದ. ಮಗು ಅನುಮಾನದಿಂದಲೇ ಹತ್ತಿತು. ಆನೆ ಹೊರಟಿತು. ತಿರುಗುವಾಗ ಲೆಕ್ಕ ತಪ್ಪಿ, ಕಣ್ಣು ಮುಚ್ಚಿದ್ದ ಕಂಡಕ್ಟರಿಗೆ ಹೋಗಿ ಗುದ್ದಿತು. ಅವನು ನಿದ್ದೆಗಣ್ಣಲ್ಲಿ "ಹೋಲ್ಡಾನ್!" ಎಂದು ಕೂಗಿಬಿಟ್ಟ!

ಮಗು ನಕ್ಕಿತು. ಮೊದಲು ಬಿಕ್ಕಳಿಕೆಯಷ್ಟು, ಆಮೇಲೆ ತಡೆಯಲಾರದೆ, ಗಿರಣಿಯ ಸದ್ದೂ ಅಡಗುವಷ್ಟು. ಎಲ್ಲರೂ ಕಣ್ಣು ಬಿಟ್ಟು ಹೊಟ್ಟೆ ಹಿಡಿದು ನಕ್ಕರು. ನೆಲದ ಮೇಲೆ ಆನೆಯಾಗಿದ್ದವನ ಕಣ್ಣಲ್ಲಿ ಮಾತ್ರ ಧಾರಾಕಾರ ನೀರು.

"ಅಮ್ಮಾ, ನನ್ನ ಮಗೂನ ನಾನೇ ಮೂಗಿ ಮಾಡಿಟ್ಟಿದ್ದೆ" ಎಂದ.

ಅಜ್ಜಿ ಹೇಳಿದರು: "ಕಣ್ ಬುಟ್ಕೊಂಡ್ ಕೂತಿದ್ರಿ, ಕಾಣ್ತು. ಅಳೋದು ಆಮೇಲಿರ್ಲಿ, ಇನ್ನೊಂದ್ ಸುತ್ತು ಹೋಗಿ. ಮಗ ಕಾಯ್ತಾ ಅದೆ."

ಮರುದಿನ ಆ ಮನೆಯಲ್ಲಿ ಕುಕ್ಕರ್ ಧಾರಾಳವಾಗಿ ಸೀಟಿ ಹೊಡೆಯಿತು. ತಾತನ ಧ್ಯಾನ? ನಡೆಯಿತಪ್ಪಾ, ಮಡಿಲಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು.

ಈಗ ನಿಮ್ಮ ಹತ್ತಿರ ಬರುತ್ತೇನೆ. ಬಾಗಿಲ ಕಡೆ ಯಾಕೆ ನೋಡುತ್ತೀರಿ? ಆ ಸಾಹುಕಾರನೂ ದಿನಾ ಕೊನೆಗೆ ಕೈಮುಗಿದು, ಎಲ್ಲ ಜೀವಿಗಳೂ ಸುಖವಾಗಿರಲಿ ಅನ್ನುತ್ತಿದ್ದ. ಎಲ್ಲ ಜೀವಿಗಳು! ಅವನ ಮನೆಯೊಳಗಿನ ಜೀವಿ ಆ ಲೆಕ್ಕಕ್ಕೆ ಬರಲಿಲ್ಲವೇ? ನಿಮ್ಮ ಲೆಕ್ಕಕ್ಕೆ ಬಂದಿದೆಯೇ?

ನಾಳೆಯಿಂದ ಕೂರುವಾಗ ಕೋಣೆಯ ಚಿಲಕ ಹಾಕಬೇಡಿ. ಮಗು ಬಂದರೆ ಬರಲಿ. ಸಿಲಿಂಡರ್ ಎತ್ತಿಕೊಡಿ ಅಂತ ಮನೆಯವರು ಕರೆದರೆ ಎದ್ದು ಹೋಗಿ, ಎತ್ತಿಕೊಟ್ಟು ಬಂದು ಮತ್ತೆ ಕೂತುಕೊಳ್ಳಿ. ಉಸಿರು ಎಲ್ಲಿಗೂ ಓಡಿಹೋಗಿರುವುದಿಲ್ಲ. ಇವತ್ತು ಮಾತ್ರ ಒಂದು ಕೆಲಸ ಮಾಡಿ. ಮನೆಗೆ ಹೋಗಿ, ಅಲ್ಲಿರುವ ಅತಿ ಚಿಕ್ಕವರನ್ನು ಹತ್ತಿರ ಕರೆದು, "ನನ್ನ ಕಂಡ್ರೆ ನಿಂಗೆ ಭಯ ಆಗುತ್ತಾ?" ಅಂತ ಕೇಳಿ. ಇಲ್ಲ ಅಂತ ತಟ್ಟನೆ ಹೇಳಿದರೆ ಸಂತೋಷ. ಉತ್ತರ ಕೊಡುವ ಮೊದಲು ಆ ಮಗು ತಿರುಗಿ ಅಮ್ಮನ ಮುಖ ನೋಡಿದರೆ, ಮುಂದಿನ ಭಾನುವಾರ ನೀವು ಇಲ್ಲಿಗೆ ಬರಬೇಡಿ. ಮನೆಯಲ್ಲೇ ಇದ್ದು ಅದನ್ನು ನಗಿಸಿ.